ಪಂಪು ಓಡದ ಮಧ್ಯಾಹ್ನ

ರಂಗಪ್ಪನವರೇ, ಅವತ್ತು ಪಂಪು ಓಡದೆ ಹೋದದ್ದು ನಿಮ್ಮ ತಪ್ಪಿನಿಂದಲ್ಲ, ನನ್ನ ತಪ್ಪಿನಿಂದ. ಅದು ಓಡುವುದಿಲ್ಲ ಎಂದು ಬೆಂಕಿ ಬೀಳುವ ಎರಡು ತಿಂಗಳ ಮೊದಲೇ ನನಗೆ ಗೊತ್ತಿತ್ತು. ಗೊತ್ತಿದ್ದೂ ವಿಚಾರಣೆಯಲ್ಲಿ ತಪ್ಪನ್ನು ನಿಮ್ಮ ತಲೆಗೆ ಕಟ್ಟಿದೆ. ಈ ಮೂರು ಮಾತು ಬರೆಯಲು ನನಗೆ ಇಷ್ಟು ವರ್ಷ ಬೇಕಾಯಿತು — ನನ್ನ ಮೇಲೆ ನನಗೇ ರೇಗುತ್ತದೆ.

ಆಗ, ಎಪ್ಪತ್ತರ ದಶಕದ ಕೊನೆಯಲ್ಲಿ, ಪೀಣ್ಯದಲ್ಲಿ ಬೆಂಕಿ ಬಿದ್ದರೆ ಪೇಟೆಯಿಂದ ಫೈರ್ ಎಂಜಿನ್ ಬರುವ ಹೊತ್ತಿಗೆ ಬೂದಿ ಗುಡಿಸುವುದಷ್ಟೇ ಉಳಿದಿರುತ್ತಿತ್ತು. ಅದಕ್ಕೇ ನಮ್ಮ ರಸ್ತೆಯ ನಾಲ್ಕು ಕಾರ್ಖಾನೆ ಶೆಡ್ಡಿನ ಕೆಲಸಗಾರರು ಸೇರಿ ಸ್ವಯಂಸೇವಕರ ದಳ ಕಟ್ಟಿದೆವು. ನಾನು ಡ್ರಾಯಿಂಗ್ ವಿಭಾಗದವನು, ಒಂದು ವಾರ ತರಬೇತಿಗೆ ಹೋಗಿ ಬಂದವನು. ಹಾಗಾಗಿ ಎಲ್ಲಿ ಬೆಂಕಿ ಬಿದ್ದರೆ ಯಾರು ಏನು ಮಾಡಬೇಕು ಎಂದು ಬರೆಯುವ ಕೆಲಸ ನನ್ನ ಪಾಲಿಗೆ ಬಂತು. ಪೇಂಟ್ ವಿಭಾಗಕ್ಕೊಂದು ಹಾಳೆ, ಸ್ಟೋರ್ಸಿಗೊಂದು, ಕ್ಯಾಂಟೀನಿಗೊಂದು.

ದಳದ ಶನಿವಾರದ ಸಭೆಗಳನ್ನು ನೆನೆದರೆ ಈಗಲೂ ತಲೆ ಚಿಟ್ಟು ಹಿಡಿಯುತ್ತದೆ. ಹೆಲ್ಮೆಟ್ಟಿನ ಬಣ್ಣ ಯಾವುದಿರಬೇಕು ಎಂಬುದಕ್ಕೇ ಮೂರು ವಾರ! ಬೋಂಡ ಬರುವವರೆಗೆ ಯಾರೂ ಬಾಯಿ ಬಿಡುತ್ತಿರಲಿಲ್ಲ, ಮುಗಿದ ಮೇಲೆ ಯಾರೂ ಕೂರುತ್ತಿರಲಿಲ್ಲ. ಬೆಂಕಿ ಆರಿಸುವ ಅಭ್ಯಾಸದ, ಆ ಡ್ರಿಲ್ಲಿನ ಕಥೆಯಂತೂ ಕೇಳುವುದೇ ಬೇಡ. ನನ್ನ ಹಾಳೆಯ ಪ್ರಕಾರ ಮೊದಲ ಕೆಲಸ ಮೇನ್ ಸ್ವಿಚ್ ತೆಗೆದು ಕರೆಂಟು ನಿಲ್ಲಿಸುವುದು, ಎರಡನೆಯದು ಪಂಪು ಹಾಕುವುದು. ಆದರೆ ಡ್ರಿಲ್ಲಿಗಾಗಿ ಮೆಷೀನು ನಿಲ್ಲಿಸಲು ಮ್ಯಾನೇಜರು ಸುತರಾಂ ಒಪ್ಪಲಿಲ್ಲ. ಆದ್ದರಿಂದ ಎಲೆಕ್ಟ್ರಿಷಿಯನ್ ಸ್ವಿಚ್ಚಿನ ಹಿಡಿಯನ್ನು ಸುಮ್ಮನೆ ಮುಟ್ಟಿ, "ಮೇನ್ ಆಫ್!" ಎಂದು ಕೂಗುತ್ತಿದ್ದ. ಪಂಪ್‌ಹೌಸಿನಲ್ಲಿ ನೀವು ಗುಂಡಿ ಒತ್ತುತ್ತಿದ್ದಿರಿ, ನೀರು ಚಿಮ್ಮುತ್ತಿತ್ತು, ನಾವು ಚಪ್ಪಾಳೆ ತಟ್ಟಿ ಮನೆಗೆ ಹೋಗುತ್ತಿದ್ದೆವು.

ಒಂದು ಸಭೆಯ ಕೊನೆಯಲ್ಲಿ ನೀವು ಎದ್ದು ನಿಂತಿರಿ. "ಸಾರ್, ದಿಟವಾಗ್ಲೂ ಮೇನ್ ತೆಗುದ್ರೆ ನಮ್ ಪಂಪ್‌ಗೆ ಕರೆಂಟು ಎಲ್ಲಿಂದ ಬತ್ತದೆ? ಅದೂ ಅದೇ ಲೈನಲ್ವಾ?"

ನನಗೆ ಬಸ್ಸಿಗೆ ಹೊತ್ತಾಗಿತ್ತು. "ರಂಗಪ್ಪನೋರೇ, ನೀವು ಹೇಳಿದಷ್ಟು ಮಾಡಿ ಸಾಕು. ತಲೆ ಓಡ್ಸೋಕೆ ನಾವಿದೀವಿ ಕಣ್ರೀ" ಎಂದೆ. ಎಲ್ಲರೂ ನಕ್ಕರು. ನೀವೂ ನಕ್ಕು ಕೂತಿರಿ. ಶೆಡ್ಡುಗಳು ಬರುವ ಮೊದಲು ಅದೇ ನೆಲದಲ್ಲಿ ಪಂಪ್‌ಸೆಟ್ ಇಟ್ಟು ತರಕಾರಿ ಬೆಳೆದವರು ನೀವು. ಕರೆಂಟು ಹೋದರೆ ನೀರು ನಿಲ್ಲುತ್ತದೆಂದು ನಿಮಗೆ ನಾನು ಕಲಿಸಬೇಕಿತ್ತೇ?

ಸೋಮವಾರ ಯಾರಿಗೂ ಹೇಳದೆ ವೈರು ಹಿಡಿದು ಪಂಪ್‌ಹೌಸಿನವರೆಗೆ ಹೋಗಿ ನೋಡಿದೆ. ನೀವು ಹೇಳಿದ್ದೇ ಸರಿ. ಮೇನ್ ಸ್ವಿಚ್ಚಿಗಿಂತ ಮೊದಲೇ ಪಂಪಿಗೆ ಬೇರೆ ಲೈನು ಎಳೆಯಬೇಕಿತ್ತು, ಒಂದು ದಿನದ ಕೆಲಸ. ಆದರೆ ಹಾಳೆಗಳು ಟೈಪಾಗಿ, ಸಹಿಯಾಗಿ, ಚೌಕಟ್ಟು ಹಾಕಿಸಿಕೊಂಡು ಗೋಡೆ ಏರಿದ್ದವು. ತಿದ್ದಬೇಕೆಂದರೆ ಅದೇ ಬೋಂಡದ ಸಭೆಯಲ್ಲಿ, ಅದೇ ನಕ್ಕವರ ಮುಂದೆ, ರಂಗಪ್ಪ ಹೇಳಿದ್ದು ನಿಜ ಎಂದು — ಮುಂದಿನ ಶನಿವಾರ ಹೇಳೋಣ ಎಂದುಕೊಂಡೆ. ಹೀಗೆ ಎಂಟು ಶನಿವಾರ ಕಳೆದವು.

ಬೆಂಕಿ ಬಿದ್ದದ್ದು ಊಟದ ಬಿಡುವು ಮುಗಿದ ಮೇಲೆ, ಪೇಂಟ್ ವಿಭಾಗದಲ್ಲಿ, ಥಿನ್ನರ್ ಡಬ್ಬದಿಂದ. ಈ ಸಲ ಎಲೆಕ್ಟ್ರಿಷಿಯನ್ ಮೇನನ್ನು ನಿಜವಾಗಿಯೇ ತೆಗೆದ. ಪೈಪು ಹಿಡಿದವರು ಹಿಡಿದೇ ನಿಂತರು, ನೀರಿಲ್ಲ. "ಒತ್ತಿದೀನಿ, ಓಡ್ತಿಲ್ಲ!" ಎಂದು ನೀವು ಪಂಪ್‌ಹೌಸಿನಿಂದ ಕೂಗಿದ್ದು ನನಗೆ ಕೇಳಿಸಿತು. ನಾವು ಬಕೆಟ್ಟಿನಲ್ಲಿ ಮರಳು ಎರಚುತ್ತಿದ್ದಂತೆಯೇ ಪೇಂಟ್ ವಿಭಾಗ ಪೂರ್ತಿ ಸುಟ್ಟುಹೋಯಿತು. ಒಬ್ಬ ಪೇಂಟರನ ಎರಡೂ ಕೈ ಬೆಂದವು.

ಮಾರನೆಯ ದಿನ ಕರೆಂಟು ಕೊಟ್ಟು ಪಂಪು ಹಾಕಿ ನೋಡಿದರು. ಓಡದೆ ಏನು! ಬೆಂಕಿಯ ಹೊತ್ತಿಗೆ ಮೇನ್ ತೆಗೆದಿತ್ತೆಂಬುದನ್ನು ಯಾರೂ ಪಂಪಿಗೆ ಜೋಡಿಸಿ ನೋಡಲಿಲ್ಲ. ಹಾಗಾದರೆ ತಪ್ಪು ಪಂಪಿನದಲ್ಲ, ಪಂಪು ಹಾಕುವವನದು ಎಂದಾಯಿತು. ಮ್ಯಾನೇಜರ ಕೋಣೆಯಲ್ಲಿ ನೀವು ಹೇಳಿದ್ದು ಒಂದೇ ಮಾತು: "ಒತ್ತಿದೆ ಸಾರ್, ಓಡ್ಲಿಲ್ಲ." ಹೇಳಿ ನನ್ನ ಕಡೆ ನೋಡಿದಿರಿ. ನನ್ನನ್ನು ದೂರಲಿಲ್ಲ. ನಾನೇ ಹೇಳುತ್ತೇನೆಂದು ಕಾದಿರಿ, ನನ್ನ ಮೇಲೆ ನಿಮಗೆ ಅಷ್ಟು ನಂಬಿಕೆ ಇತ್ತು.

"ಗಾಬರೀಲಿ ಒತ್ತೋದು ಮರ್ತಿರ್ಬೇಕು ಸಾರ್" ಎಂದೆ ನಾನು.

ನಿಮ್ಮನ್ನು ಪಂಪ್‌ಹೌಸಿನಿಂದ ಬಿಡಿಸಿ ಅಂಗಳ ಗುಡಿಸಲು ಹಾಕಿದರು, ದಳದಿಂದಲೂ ತೆಗೆದರು. ಮುಂದಿನ ತಿಂಗಳು ನಾನು ಸುಧಾರಣೆ ಎಂಬ ಹೆಸರಿನಲ್ಲಿ ಪಂಪಿಗೆ ಬೇರೆ ಲೈನು ಎಳೆಸಿದೆ. ಅದಕ್ಕೂ ಭೇಷ್ ಎನ್ನಿಸಿಕೊಂಡೆ — ಥೂ!

ಮೊನ್ನೆ ರಾಜಗೋಪಾಲನಗರದ ಬಸ್ ಸ್ಟಾಪಿನಲ್ಲಿ ನಿಮ್ಮ ಮಗ ಸಿಕ್ಕಿದ್ದ. ಅವನಾಗಿಯೇ ಗುರುತು ಹಿಡಿದು, ನನ್ನ ಚೀಲ ತೆಗೆದುಕೊಂಡು, ತಗ್ಗಿದ ದನಿಯಲ್ಲಿ ಹೇಳಿದ: "ನಮ್ಮಪ್ಪನ್ನ ತಪ್ಪು ತಿಳ್ಕೋಬೇಡಿ ಸಾರ್. ಪಾಪ, ಗಾಬರೀಲಿ ಒತ್ತೋದು ಮರ್ತ್ಬಿಟ್ರು. ಅವ್ರ ಪರವಾಗಿ ನಾನು ಕ್ಷಮೆ ಕೇಳ್ತೀನಿ."

ನಾನು ಹೇಳಿದ ಸುಳ್ಳನ್ನು, ನಾನು ಹೇಳಿದ ಮಾತಿನಲ್ಲೇ, ನಿಮ್ಮ ಮಗ ನಂಬಿ ಬೆಳೆದಿದ್ದಾನೆ. ನೀವು ಮನೆಯಲ್ಲಿ ಎಷ್ಟು ಸಲ "ಒತ್ತಿದ್ದೆ" ಎಂದಿರೋ, ಅವನು ಎಷ್ಟು ಸಲ ಪಾಪ ಎಂದುಕೊಂಡನೋ! ಬಸ್ಸು ಬಂತು, ಅವನ ಕೈಯಿಂದ ಚೀಲ ಇಸಿದುಕೊಂಡು ಹತ್ತಿಬಿಟ್ಟೆ.

ಭಾನುವಾರ ಅವನಿಗೆ ರಜವಂತೆ. ಅವತ್ತೇ ನಿಮ್ಮ ಮನೆಗೆ ಬರುತ್ತೇನೆ. ಅವನನ್ನು ಎದುರಿಗೆ ಕೂರಿಸಿಕೊಳ್ಳಿ. ನೀವು ಒಂದು ಮಾತೂ ಆಡಬೇಕಾಗಿಲ್ಲ ರಂಗಪ್ಪನವರೇ, ನೀವು ಒತ್ತಿದ್ದಿರಿ ಎಂದು ಅವನಿಗೆ ನಾನೇ ಹೇಳುತ್ತೇನೆ.