ಅಣ್ಣಪ್ಪ ಸಾರ್ ಕಲಿಯಲು ಹೋದದ್ದು

ಅಣ್ಣಪ್ಪ ಸಾರ್ ಪಾಠ ಮಾಡುವಾಗ ವರಾಂಡದ ಆ ತುದಿಯಲ್ಲಿ ಕಾಗೆ ಕೂಡ ಕೂಗುವುದಿಲ್ಲ ಎಂದು ನಮ್ಮ ಶಾಲೆಯ ಮಕ್ಕಳು ಹೇಳುತ್ತಾರೆ. ಕಾಗೆಯ ವಿಷಯ ನನಗೆ ಗೊತ್ತಿಲ್ಲ. ಪಕ್ಕದ ಕೋಣೆಯಲ್ಲಿ ಸಮಾಜ ವಿಜ್ಞಾನ ಕಲಿಸುವವಳು ನಾನು, ಪ್ರೇಮಾ. ನನ್ನ ತರಗತಿಯಲ್ಲಿ ಸ್ವಲ್ಪ ಗಲಾಟೆ ಎದ್ದರೆ ಸಾಕು, ಗೋಡೆಯ ಆಚೆಯಿಂದ ಡಸ್ಟರು ಬಡಿದ ಸದ್ದು ಬರುತ್ತದೆ. ಮಕ್ಕಳ ಜೊತೆ ನಾನೂ ಬಾಯಿ ಮುಚ್ಚುತ್ತೇನೆ. ಮೈಸೂರಿನಲ್ಲಿ ನನ್ನ ಅತ್ತೆಯಿಂದಲೂ ಆಗದೇ ಹೋದ ಕೆಲಸ ಅದು.

ಅವರು ಬಾಗಲಕೋಟೆ ಕಡೆಯವರು. ನೌಕಾಪಡೆಗೆ ಸೇರಿ ಕೊಚ್ಚಿಗೆ ಬಂದರು, ಅಲ್ಲಿ ಹೊಸದಾಗಿ ಸೇರಿದವರಿಗೆ ಎಂಜಿನ್ನಿನ ಲೆಕ್ಕ ಹೇಳಿಕೊಟ್ಟರು. ನಿವೃತ್ತಿಯಾದ ಮೇಲೂ ಊರಿಗೆ ಹೋಗಲಿಲ್ಲ, ಹೆಂಡತಿಗೆ ಇಲ್ಲಿನ ಕೇಂದ್ರ ಸರ್ಕಾರದ ಕಚೇರಿಯಲ್ಲಿ ಕೆಲಸ. ಕೊಚ್ಚಿಯ ಪಕ್ಕದ ಆಲುವದಲ್ಲಿ ಮನೆ ಮಾಡಿ, ಬಿ.ಎಡ್. ಮುಗಿಸಿ, ನಮ್ಮ ಶಾಲೆಯಲ್ಲಿ ಗಣಿತದ ಮೇಷ್ಟ್ರಾದರು. ಮನೆಯಲ್ಲಿ ಅವರು ಕನ್ನಡದಲ್ಲಿ ಗದರಿದರೆ ಮಗಳು ಮಲಯಾಳದಲ್ಲಿ ಎದುರುತ್ತರ ಕೊಡುತ್ತಾಳೆ. ಅಲ್ಲಿ ಮಾತ್ರ ಅವರ ಡಸ್ಟರು ನಡೆಯುವುದಿಲ್ಲ.

ಒಳ್ಳೆಯ ಮನುಷ್ಯ. ಅದನ್ನು ಮೊದಲೇ ಹೇಳಿಬಿಡುತ್ತೇನೆ, ಇಲ್ಲದಿದ್ದರೆ ಮುಂದೆ ಓದಿದವರು ಸಿಟ್ಟಾಗುತ್ತಾರೆ. ಜ್ವರ ಬಂದು ಪಾಠ ತಪ್ಪಿಸಿಕೊಂಡ ಹುಡುಗನ ಮನೆಗೆ ಹೋಗಿ ಲೆಕ್ಕ ಹೇಳಿಕೊಟ್ಟು ಬರುತ್ತಾರೆ. ಆದರೆ ತಾಳ್ಮೆ ಎಂಬ ಪದಾರ್ಥವನ್ನು ದೇವರು ಅವರಿಗೆ ಕೊಡಲೇ ಇಲ್ಲ. ಬೋರ್ಡಿನ ಮುಂದೆ ನಿಂತ ಮಗು ಒಂದು ಉಸಿರು ತಡವರಿಸಿತೋ ಇಲ್ಲವೋ, "ಕೊಡಿಲ್ಲಿ" ಎಂದು ಸೀಮೆಸುಣ್ಣ ಕಿತ್ತುಕೊಂಡು ತಾವೇ ಬಿಡಿಸಿಬಿಡುತ್ತಿದ್ದರು. ಬೇಗ ಮುಗಿಸಿದವರು ಕೈ ಕಟ್ಟಿ ಕೂರಬೇಕಿತ್ತು. ಉಳಿದವರು ಆ ಕಟ್ಟಿದ ಕೈಗಳನ್ನು ನೋಡುತ್ತಾ ಬೆವರಬೇಕಿತ್ತು. ವರ್ಷಗಟ್ಟಲೆ ಅದೇ ಪದ್ಧತಿ.

ಕಳೆದ ವರ್ಷ ಪ್ರಿನ್ಸಿಪಾಲ್ ಮೇಡಂ ಅವರನ್ನು ಕರೆದು ಕಡ್ಡಿ ಮುರಿದ ಹಾಗೆ ಹೇಳಿದರು. ಮಕ್ಕಳು ಗುಂಪಾಗಿ ಕೂತು ಒಬ್ಬರಿಂದೊಬ್ಬರು ಕಲಿಯುವ ಪದ್ಧತಿ ಎಲ್ಲ ತರಗತಿಗೂ ಬರುತ್ತಿದೆ. ಅದಕ್ಕಾಗಿ ತಿರುವನಂತಪುರದಲ್ಲಿ ಶಿಕ್ಷಕರಿಗೆ ಎರಡು ದಿನದ ಕಾರ್ಯಾಗಾರವಿದೆ. ಅಲ್ಲಿಂದ ಒಳ್ಳೆಯ ಮಾತು ಬಂದರೆ ಹತ್ತನೇ ಕ್ಲಾಸಿನ ಗಣಿತ ನಿಮ್ಮದೇ. ಬರದಿದ್ದರೆ ನೀವು ಪರೀಕ್ಷಾ ವಿಭಾಗ ನೋಡಿಕೊಳ್ಳಿ, ಪಾಠ ಬೇಡ.

"ಪಾಠ ಬ್ಯಾಡಂತ್ರೀ ಟೀಚರ್! ಪ್ರಶ್ನೆಪತ್ರಿಕೆ ಎಣಿಸಿ ಕವರಿನ್ಯಾಗ ಹಾಕೂದಂತ. ಅದಕ್ಕಿಂತ ಮನ್ಯಾಗ ಕುಂದ್ರೂದು ಚಲೋ," ಎಂದರು ಆಲುವ ಸ್ಟೇಷನ್ನಿನಲ್ಲಿ ರೈಲಿಗೆ ಕಾಯುವಾಗ. ದನಿಯಲ್ಲಿ ಸಿಟ್ಟಿತ್ತು, ಕಣ್ಣಲ್ಲಿ ಹೆದರಿಕೆ. ನನ್ನನ್ನು ಜೊತೆಗೆ ಕಳಿಸಿದ್ದು ನಾನೂ ಕಲಿಯಲಿ ಎಂದೋ ಅವರ ಮೇಲೆ ಕಣ್ಣಿಡಲಿ ಎಂದೋ ನನಗೆ ಇವತ್ತಿಗೂ ಗೊತ್ತಿಲ್ಲ.

ಕಾರ್ಯಾಗಾರ ನಡೆದದ್ದು ತಿರುವನಂತಪುರದ ಅಂಚಿನ ಕಳಕ್ಕೂಟಂನ ಒಂದು ಹಾಲಿನಲ್ಲಿ. ನಡೆಸುವವಳು ಮೇಧಾ, ಬೆಂಗಳೂರಿನ ಹುಡುಗಿ, ಅಣ್ಣಪ್ಪ ಸಾರ್ ಮಗಳಿಗಿಂತ ಎರಡು ಮೂರು ವರ್ಷ ದೊಡ್ಡವಳಿರಬಹುದು ಅಷ್ಟೆ. ಒಂದು ಮೇಜಿಗೆ ಐದು ಜನ. ನಮ್ಮ ಮೇಜಿನಲ್ಲಿ ನಾವಿಬ್ಬರು, ತೃಶ್ಶೂರಿನ ಶೈನಿ ಟೀಚರ್, ಮಟ್ಟಾಂಚೇರಿಯ ಅಶ್ರಫ್ ಮಾಷ್ (ಇಲ್ಲಿ ಮೇಷ್ಟ್ರು ಅನ್ನುವುದು ಹಾಗೆ), ಮತ್ತೆ ನಿಹಾರಿಕಾ ಎಂಬ ಮಂಗಳೂರಿನ ಹುಡುಗಿ. ಅವಳ ಗಂಡ ಅಲ್ಲೇ ಐಟಿ ಪಾರ್ಕಿನಲ್ಲಿ. ಅವಳು ಒಂದು ಶಾಲೆಗೆ ಸೇರಿ ಇನ್ನೂ ವರ್ಷವಾಗಿರಲಿಲ್ಲ. ಹೆಸರು ಹೇಳಿ ಎಂದರೂ ಮುಖ ಕೆಂಪಾಗುವ ಜಾತಿ.

ಮೊದಲ ಆಟ ಹೀಗಿತ್ತು. ಪ್ರತಿಯೊಬ್ಬರಿಗೂ ಒಂದು ಲಕೋಟೆ, ಅದರಲ್ಲಿ ರಟ್ಟಿನ ತುಂಡುಗಳು. ಐದು ಜನರ ಮುಂದೆಯೂ ಒಂದೇ ಅಳತೆಯ ಒಂದೊಂದು ಚೌಕವಾಗಬೇಕು. ಮಾತಾಡುವಂತಿಲ್ಲ, ಸನ್ನೆ ಮಾಡುವಂತಿಲ್ಲ, ಇನ್ನೊಬ್ಬರಿಂದ ತುಂಡು ತೆಗೆದುಕೊಳ್ಳುವಂತಿಲ್ಲ. ನಮ್ಮಲ್ಲಿರುವುದನ್ನು ಕೊಡಬಹುದು, ಅಷ್ಟೇ.

ಅಣ್ಣಪ್ಪ ಸಾರ್ ಚಕಚಕನೆ ತಮ್ಮ ಚೌಕ ಮಾಡಿದರು. ಮಾಡಿ, ಕೈ ಕಟ್ಟಿ ಕೂತರು. ನಾವು ನಾಲ್ವರು ತಿಣುಕಿದೆವು. ಕೊಟ್ಟೆವು, ತಿರುಗಿಸಿದೆವು, ಮತ್ತೆ ಕೊಟ್ಟೆವು. ಊಹೂಂ. ನಿಹಾರಿಕಾಳ ಮುಂದೆ ಎರಡು ತುಂಡುಗಳು ಒಂದಕ್ಕೊಂದು ಸಂಬಂಧವಿಲ್ಲದೆ ಬಿದ್ದಿದ್ದವು. ಸಾರ್ ನೋಡಿದರು, ನೋಡಿದರು, ತಡೆಯಲಾಗಲಿಲ್ಲ.

"ಇಷ್ಟೂ ತಿಳೀವಲ್ದೇನಬೇ ನಿನಗ? ಕೊಡಿಲ್ಲಿ!" ಎಂದು ಅವಳ ಕೈಯಿಂದ ತುಂಡು ಕಿತ್ತು ಜೋಡಿಸಲು ಹೋದರು. ಅದು ಅವರಿಂದಲೂ ಆಗಲಿಲ್ಲ. ಹುಡುಗಿಯ ಕಣ್ಣಲ್ಲಿ ನೀರು ತುಂಬಿತು. ಅಯ್ಯೋ, ನನಗೆ ಆ ಕ್ಷಣ ಮೇಜಿನ ಕೆಳಗೆ ತೂರಿಕೊಳ್ಳುವ ಹಾಗಾಯಿತು!

ಸಮಯ ಮುಗಿಯಿತು. ಎಲ್ಲ ಮೇಜುಗಳ ಚೌಕಗಳಾಗಿದ್ದವು, ನಮ್ಮದೊಂದು ಬಿಟ್ಟು. ಮೇಧಾ ಬಂದು ಮೆತ್ತಗೆ ಹೇಳಿದಳು, "ಸಾರ್, ತಡೆದಿದ್ದು ನಿಮ್ಮ ಚೌಕವೇ. ಅದನ್ನ ಬೇರೆ ತುಂಡುಗಳಿಂದಲೂ ಮಾಡಬಹುದಿತ್ತು. ನೀವು ಹಿಡ್ಕೊಂಡಿರೋದು ಇವರಿಗೆ ಬೇಕಾಗಿತ್ತು."

"ನಾ ಸರಿಯಾಗಿ ಮಾಡಿದ್ದ ತಪ್ಪೇನು?" ಎಂದರು ಸಾರ್ ಇಡೀ ಹಾಲಿಗೆ ಕೇಳುವಂತೆ. "ಮಂದಿ ದಡ್ಡರಿದ್ರ ನಾ ಏನ್ ಮಾಡ್ಲಿ?" ಎಂದು ಎದ್ದು ಹೊರಗೆ ಹೋದರು.

ಹೋಗುವಾಗ ತುಂಡುಗಳನ್ನು ಮಾತ್ರ ಲಕೋಟೆಗೆ ತುಂಬಿಕೊಂಡು ಹೋಗಿದ್ದರು. ನಾನು ಹಿಂದೆ ಹೋದೆ. ರಸ್ತೆಯಾಚೆಯ ಚಾಯ ಅಂಗಡಿಯ ಬೆಂಚಿನ ಮೇಲೆ ತುಂಡುಗಳನ್ನು ಹರಡಿಕೊಂಡು ಕೂತಿದ್ದರು. ಚಹಾ ಆರುತ್ತಿತ್ತು, ಬಾಳೆಹಣ್ಣಿನ ಬಜ್ಜಿ ಮುಟ್ಟದೆ ಬಿದ್ದಿತ್ತು. ನಾನು ಒಂದನ್ನು ತಿಂದೆ, ಎರಡನೆಯದಕ್ಕೂ ಕೈ ಹಾಕಿದೆ. ಅಷ್ಟರಲ್ಲಿ ಅವರು ತೊಡೆ ತಟ್ಟಿಕೊಂಡು, "ಹಾಂ! ನೋಡ್ರಿ ಇಲ್ಲಿ!" ಎಂದು ಕೂಗಿದರು. ಅಂಗಡಿಯವನು ಬೆಚ್ಚಿಬಿದ್ದ.

"ಚುರುಕ ಇದ್ದಾವ ಮೊದಲ ಮುಗಿಸ್ತಾನ. ಸಿಕ್ಕ ತುಂಡು ಹಚ್ಚಿ ಮುಗಿಸ್ತಾನ. ಮುಗಿಸಿ ಕೈ ಕಟ್ಟಿ ಕುಂತನಂದ್ರ ಉಳಿದ ನಾಲ್ಕು ಮಂದೀದು ಎಂದೂ ಆಗೂದಿಲ್ಲ. ಹಗಲೂ ರಾತ್ರಿ ತಿಣುಕಿದರೂ ಆಗೂದಿಲ್ಲರೀ ಟೀಚರ್!"

"ಅದನ್ನೇ ಅಲ್ವಾ ಸಾರ್ ಆ ಹುಡುಗಿ ಹೇಳಿದ್ದು? ಎಲ್ಲರ ಮುಂದೆ ಅವಳ ಮೇಲೆ ರೇಗಿ ಬಂದ್ರಿ."

"ಆಕಿ ಹೇಳಿದ್ದು ಉಪದೇಶ. ಇದು ಲೆಕ್ಕ," ಎಂದರು.

ಏನು ಹೇಳುವುದು ಈ ಮನುಷ್ಯನಿಗೆ! ಆದರೆ ಆ ಮಾತಿನ ನಂತರ ಅವರು ತುಂಡುಗಳನ್ನು ಒಂದೊಂದಾಗಿ ಎಣಿಸಿ ಲಕೋಟೆಗೆ ಹಾಕಿದರು. ವಾಪಸು ಬಂದು ನಿಹಾರಿಕಾಳ ಮುಂದೆ ನಿಂತು, "ತಪ್ಪಾತವಾ" ಎಂದರು. ಅವಳು "ಪರವಾಗಿಲ್ಲ ಸರ್" ಎಂದಳು, ಮುಖ ಎತ್ತದೆಯೇ. ಪರವಾಗಿಲ್ಲ ಎಂದು ಹೇಳುವ ಮುಖವಲ್ಲ ಅದು.

ಸಂಜೆ ಮೇಧಾ ಇನ್ನೊಂದು ಬಾಂಬು ಹಾಕಿದಳು. ಶಾಲೆಗಳಿಗೆ ಹೋಗುವ ಮಾತು ತನ್ನದಲ್ಲವಂತೆ. ಪ್ರತಿಯೊಬ್ಬರೂ ತಮ್ಮ ಮೇಜಿನ ಒಬ್ಬರ ಹೆಸರಿನ ಚೀಟಿ ಎತ್ತಬೇಕು, ನಾಳೆ ಕೊನೆಗೆ ಎದ್ದು ನಿಂತು ಅವರ ಬಗ್ಗೆ ಒಂದೇ ಒಂದು ವಾಕ್ಯ ಹೇಳಬೇಕು. ಅದನ್ನೇ ಅವಳು ಶಾಲೆಗೆ ಕಳಿಸುತ್ತಾಳೆ. ಯಾರ ಹೆಸರು ಬಂದಿದೆ ಎಂದು ಬಾಯಿಬಿಡುವಂತಿಲ್ಲ.

ನನಗೆ ಬಂದದ್ದು ಶೈನಿ ಟೀಚರ್. ಪಕ್ಕದಲ್ಲಿ ನಿಹಾರಿಕಾ ಚೀಟಿ ಬಿಡಿಸಿದಳು, ಅಣ್ಣಪ್ಪ ಸಾರ್ ಕಡೆ ಒಮ್ಮೆ ನೋಡಿದಳು, ಚೀಟಿಯನ್ನು ಮುಷ್ಟಿಯಲ್ಲಿ ಮುದ್ದೆ ಮಾಡಿದಳು. ಆ ಮನುಷ್ಯನ ಹತ್ತನೇ ಕ್ಲಾಸು ಈಗ ಅವರೇ ಅಳಿಸಿದ ಹುಡುಗಿಯ ನಾಲಿಗೆಯ ಮೇಲೆ! ಹೇಳಿಬಿಡಲೇ, ಎಚ್ಚರಿಸಿಬಿಡಲೇ ಎಂದು ರೂಮಿಗೆ ನಡೆಯುವಷ್ಟು ದೂರವೂ ಒದ್ದಾಡಿದೆ. ಹೇಳಿದರೆ ಮರುದಿನ ಅವರು ಮಾಡುವುದೆಲ್ಲ ಅವಳನ್ನು ಒಲಿಸಿಕೊಳ್ಳಲು ಮಾಡಿದಂತಾಗುತ್ತದೆ. ಹೇಳಲಿಲ್ಲ.

ಎರಡನೆಯ ದಿನ ಪ್ರತಿ ಮೇಜಿನವರೂ ಉಳಿದವರಿಗೆ ಕೈಕೆಲಸದಿಂದ ಏನಾದರೊಂದು ಕಲಿಸಬೇಕಿತ್ತು. ನಮಗೆ ಬಂದದ್ದು ಒಂದೇ ಹಾಳೆಯಲ್ಲಿ ಆರು ಚೌಕ ಬರೆದು, ಕತ್ತರಿಸಿ, ಮಡಚಿ, ಮುಚ್ಚಿದ ಡಬ್ಬಿ ಮಾಡುವುದು. ಯಾರು ಏನು ಮಾಡಬೇಕೆಂಬುದಕ್ಕೂ ಚೀಟಿ. ನೋಡಿ ಹಣೆಬರಹ: ಎದುರು ನಿಂತು ಕಲಿಸುವವಳು ನಿಹಾರಿಕಾ, ಹಾಳೆ ಕತ್ತರಿ ಒದಗಿಸುವವರು ಅಣ್ಣಪ್ಪ ಸಾರ್. ಒದಗಿಸುವವರು ಬಾಯಿ ತೆರೆಯುವಂತಿಲ್ಲ.

"ನನ್ನಿಂದ ಆಗುದಿಲ್ಲ ಟೀಚರ್, ಸರ್ ಮಾಡ್ಲಿ, ಅವರದ್ದೇ ಸಬ್ಜೆಕ್ಟ್ ಅಲ್ವಾ," ಎಂದು ನಿಹಾರಿಕಾ ನನ್ನ ಸೆರಗು ಹಿಡಿದಳು. ಬದಲಾಯಿಸಲು ಮೇಧಾ ಒಪ್ಪಲಿಲ್ಲ.

ಹುಡುಗಿ ಎದುರು ಹೋಗಿ ಬೋರ್ಡಿನ ಮೇಲೆ ಸಾಲಾಗಿ ನಾಲ್ಕು ಚೌಕ ಬರೆದಳು. ಉಳಿದೆರಡನ್ನು ಸಾಲಿನ ಮೇಲ್ಗಡೆಗೇ ಅಂಟಿಸಿ ಬರೆದಳು. ನಾನು ಗಣಿತದವಳಲ್ಲ, ನನಗೆ ಗೊತ್ತಾಗಲಿಲ್ಲ. ಅಣ್ಣಪ್ಪ ಸಾರ್ ಕಡೆ ನೋಡಿದೆ. ದವಡೆ ಬಿಗಿದಿತ್ತು. ಆಗ ಗೊತ್ತಾಯಿತು ನನಗೆ, ತಪ್ಪಾಗಿದೆ ಎಂದು.

ಎಲ್ಲರೂ ಕತ್ತರಿಸಿ ಮಡಚಿದರು. ಡಬ್ಬಿಗೆ ಮೇಲೆ ಎರಡು ಮುಚ್ಚಳ, ತಳವೇ ಇಲ್ಲ. ಅಲ್ಲೊಂದು ಇಲ್ಲೊಂದು ನಗೆ ಎದ್ದಿತು. ನಿಹಾರಿಕಾ ತನ್ನ ಕೈಯಲ್ಲಿದ್ದ ತಳವಿಲ್ಲದ ಡಬ್ಬಿ ನೋಡುತ್ತಾ ಕಲ್ಲಾಗಿ ನಿಂತಳು. ಅಣ್ಣಪ್ಪ ಸಾರ್ ಎದ್ದರು. ಮುಗಿಯಿತು ಕಥೆ ಎಂದುಕೊಂಡೆ. ಎದ್ದು ಹೋಗಿ ಅವಳ ಕೈಗೆ ಒಂದು ಹೊಸ ಹಾಳೆ ಕೊಟ್ಟರು, ಪಕ್ಕಕ್ಕೆ ಸರಿದು ನಿಂತರು.

ಅವಳು ಮತ್ತೆ ಬರೆದಳು. ಈ ಸಲ ಎರಡೂ ಚೌಕ ಕೆಳಗೆ. ಮಡಚಿದಳು. ತಳ ಎರಡು, ಮುಚ್ಚಳವಿಲ್ಲ. ಯಾರೋ ಹಿಂದಿನ ಮೇಜಿನಿಂದ, "ಸಾರ್, ನಿಮಗೆ ಗೊತ್ತಲ್ಲ, ಹೇಳಿಕೊಡಿ" ಎಂದು ಇಂಗ್ಲಿಷಿನಲ್ಲಿ ಕೂಗಿದರು. ಸಾರ್ ಅತ್ತ ತಿರುಗಲೂ ಇಲ್ಲ. ಅವರ ಹಣೆಯ ಮೇಲೆ ಬೆವರು ಇಳಿಯುತ್ತಿತ್ತು. ಇನ್ನೊಂದು ಹಾಳೆ ಕೊಟ್ಟರು.

ನಾನು ನನ್ನ ಬದುಕಿನಲ್ಲಿ ಯಾರನ್ನೂ ಮನಸ್ಸಿನಲ್ಲೇ ಅಷ್ಟು ಬೇಡಿಕೊಂಡಿಲ್ಲ. ಅಮ್ಮಾ ತಾಯಿ, ಒಂದು ಚೌಕ ಆಚೆ ಸರಿಸೇ! ಅಣ್ಣಪ್ಪ ಸಾರ್, ದಮ್ಮಯ್ಯ, ಬಾಯಿ ಬಿಡಬೇಡಿ!

ನಿಹಾರಿಕಾ ಮೂರನೆಯ ಹಾಳೆಗೆ ಪೆನ್ಸಿಲು ಹಚ್ಚಲೇ ಇಲ್ಲ. ಹಳೆಯ ಡಬ್ಬಿಯನ್ನು ಬಿಚ್ಚಿದಳು, ಮುಚ್ಚಿದಳು, ಮತ್ತೆ ಬಿಚ್ಚಿದಳು. ಆಮೇಲೆ, "ಓ! ಒಂದು ಮೇಲೆ, ಒಂದು ಕೆಳಗೆ!" ಎಂದಳು ಜೋರಾಗಿ, ಕನ್ನಡದಲ್ಲೇ. ಬರೆದಳು, ಕತ್ತರಿಸಿದಳು, ಮಡಚಿದಳು. ಡಬ್ಬಿ ಮುಚ್ಚಿಕೊಂಡಿತು. ಎರಡು ಡಬ್ಬಿ ಯಾಕೆ ಕೆಟ್ಟವು ಎಂದು ಅವಳು ಉಳಿದವರಿಗೆ ವಿವರಿಸಿದಳು ನೋಡಿ, ಅಷ್ಟು ಚೆನ್ನಾಗಿ ನಾನು ಯಾವ ಪಾಠವನ್ನೂ ಮಾಡಿಲ್ಲ. ನಮಗೆ ಕೊಟ್ಟ ಸಮಯ ಮೀರಿಹೋಗಿತ್ತು. ಅಣ್ಣಪ್ಪ ಸಾರ್ ಬಂದು ಕುರ್ಚಿಯಲ್ಲಿ ಕುಸಿದು, ನನ್ನ ನೀರಿನ ಬಾಟಲಿಯನ್ನು ಕೇಳದೆಯೇ ಎತ್ತಿ ಖಾಲಿ ಮಾಡಿದರು.

ಕೊನೆಗೆ ವಾಕ್ಯ ಹೇಳುವ ಹೊತ್ತು ಬಂತು. ಶೈನಿ ಟೀಚರ್ ಬಗ್ಗೆ ನಾನೇನು ಹೇಳಿದೆನೋ ನನಗೇ ನೆನಪಿಲ್ಲ. ಅಣ್ಣಪ್ಪ ಸಾರ್‌ಗೆ ಬಂದದ್ದು ನನ್ನ ಹೆಸರು. ಪ್ರೇಮಾ ಟೀಚರ್ ಬಹಳ ಮಾತಾಡುತ್ತಾರೆ, ಆದರೆ ಬೇಕಾದಾಗ ಹಿಂದೆಯೇ ಬರುತ್ತಾರೆ ಎಂದು ತಮ್ಮ ನೌಕಾಪಡೆಯ ಇಂಗ್ಲಿಷಿನಲ್ಲಿ ಹೇಳಿ ಕೂತರು. ಎಲ್ಲರೂ ನಕ್ಕರು. ನಾನು ನಗಲಿಲ್ಲ, ನನ್ನ ಕಣ್ಣು ನಿಹಾರಿಕಾಳ ಮೇಲಿತ್ತು.

ಅವಳು ಎದ್ದು ಇಂಗ್ಲಿಷಿನಲ್ಲಿ ಶುರು ಮಾಡಿದಳು, ತಡವರಿಸಿದಳು, ಮೇಧಾಳ ಕಡೆ ನೋಡಿ, "ಕನ್ನಡದಲ್ಲಿ ಹೇಳ್ಬಹುದಾ?" ಎಂದು ಕೇಳಿದಳು. ಮೇಧಾ ತಲೆಯಾಡಿಸಿದಳು.

"ನನ್ನ ತಪ್ಪು ನನಗೇ ಗೊತ್ತಾಗುವವರೆಗೆ ಅಣ್ಣಪ್ಪ ಸರ್ ಕಾದ್ರು. ನನಗೆ ಅಂತ ಇಷ್ಟು ಹೊತ್ತು ಕಾದವರು ಬೇರೆ ಯಾರೂ ಇಲ್ಲ, ನನ್ನ ಮೇಷ್ಟ್ರುಗಳೂ ಇಲ್ಲ, ಮನೆಯಲ್ಲಿ ಕೂಡ ಇಲ್ಲ."

ಒಂದೇ ವಾಕ್ಯ ಎಂದಿದ್ದರು, ಎರಡಾಯಿತು. ಯಾರೂ ಎಣಿಸಲಿಲ್ಲ. ಮೇಧಾ ಅದನ್ನು ಇಂಗ್ಲಿಷಿನಲ್ಲಿ ಹೇಳಿ ಮುಗಿಸುವ ಮೊದಲೇ ಅಶ್ರಫ್ ಮಾಷ್ ಕೈಯೆತ್ತಿ ಕಣ್ಣೊರೆಸಿಕೊಂಡರು. ನಾನಂತೂ ನಾಚಿಕೆ ಬಿಟ್ಟು ಅತ್ತೆ. ಅಣ್ಣಪ್ಪ ಸಾರ್ ಮೇಜಿನ ಮೇಲಿದ್ದ ಕಾಗದದ ಚೂರುಗಳನ್ನು ಒಂದೊಂದಾಗಿ ಆರಿಸಿ ಗುಡ್ಡೆ ಹಾಕುತ್ತಿದ್ದರು.

ಸಂಜೆಯ ರೈಲು ಕೊಲ್ಲಂ ದಾಟುವಾಗ ಪ್ರಿನ್ಸಿಪಾಲ್ ಮೇಡಂ ಫೋನ್ ಮಾಡಿದರು. ಮೇಧಾ ಕಳಿಸಿದ್ದನ್ನು ಓದಿದೆ, ಹತ್ತನೇ ಕ್ಲಾಸು ನಿಮ್ಮಲ್ಲೇ ಇರಲಿ ಎಂದರಂತೆ. ಸಾರ್ "ಥ್ಯಾಂಕ್ಯೂ ಮೇಡಂ" ಎಂದು ಫೋನು ಜೇಬಿಗಿಟ್ಟರು. ಕುಣಿಯುತ್ತಾರೆ, ಇಡೀ ಬೋಗಿಗೆ ಚಹಾ ಕೊಡಿಸುತ್ತಾರೆ ಎಂದು ನಾನು ಕಾದಿದ್ದೆ. ಅವರು ಕಿಟಕಿಯ ಕಡೆ ತಿರುಗಿದರು.

"ಏನ್ ಸಾರ್, ಉಳೀತಲ್ಲ! ಖುಷಿ ಇಲ್ವಾ?"

"ಅಲ್ರೀ ಟೀಚರ್, ಆ ಹುಡುಗಿಗೆ ಇಷ್ಟು ವರ್ಷ ಯಾರೂ ಕಾದಿಲ್ಲಂತ," ಎಂದರು. "ನನ್ನ ಕ್ಲಾಸಿನ್ಯಾಗ ಅಂಥಾವ್ರು ಎಷ್ಟು ಮಂದಿ ಕುಂತು ಎದ್ದು ಹೋದರೋ ಏನೋ. ಚಿನ್ಮಯ್. ಕಿಟಕೀ ಬಾಜೂ ಕುಂದ್ರತಿದ್ಲಲ್ಲ, ಇಂಚರಾ. ಆಮ್ಯಾಲ ಆ ಮೀನಿನ ಬೋಟಿನವರ ಹುಡುಗ ಜೋಮೋನ್..."

ಒಬ್ಬೊಬ್ಬರನ್ನೇ ನೆನೆಸಿಕೊಂಡು ಹೇಳುತ್ತಾ ಹೋದರು. ಬಾಯಿ ಹಾಕಬಾರದು ಎಂದು ನನಗೂ ಅನ್ನಿಸಿತು, ಸುಮ್ಮನೆ ಕೇಳುತ್ತಾ ಕೂತೆ. ಆಲುವ ಬಂದಾಗಲೂ ಹೆಸರುಗಳು ಮುಗಿದಿರಲಿಲ್ಲ.