ಅತ್ತೆಯ ಚೊಂಬು ನೀರಿಗೆ ತಡೆಯುವ ಬಣ್ಣ

ಅಡುಗೆಮನೆಯ ಬೀರುವಿಗೆ ಬಳಿದ ಬಣ್ಣ ಉಳಿಯಬೇಕಾದರೆ ಮೇಲೆ ಏನು ಸವರಬೇಕು ಎಂದು ಯಾರಾದರೂ ನನ್ನನ್ನು ಕೇಳಿದರೆ, ಮನೆಯಲ್ಲಿ ಮಡಿ ಮಾಡುವವರು ಇದ್ದಾರೆಯೇ ಎಂದು ಮೊದಲು ಕೇಳುತ್ತೇನೆ. ಇದ್ದರೆ ವಿಚಾರವೇ ಬೇರೆ. ನನಗೆ ಇದು ಗೊತ್ತಾದದ್ದು ಎರಡನೇ ಮಹಾಯುದ್ಧದ ಕಾಲದಲ್ಲಿ, ಶ್ರೀನಿವಾಸಪುರದ ಅತ್ತೆಮನೆಯಲ್ಲಿ.

ನನ್ನ ಮದುವೆಗೆ ಬೀರು ಕೊಟ್ಟವರು ಅಪ್ಪ. ಮಾಲೂರಿನಲ್ಲಿ ಮೇಷ್ಟರು. ಹಲಸಿನ ಮರದಲ್ಲಿ ಆಚಾರಿಯಿಂದ ಮಾಡಿಸಿ, ಬಾಗಿಲಿಗೆ ತಂತಿಯ ಜಾಲರಿ ಹಾಕಿಸಿ, ಬಣ್ಣ ಮಾತ್ರ ತಾವೇ ಬಳಿಯುತ್ತೇನೆಂದು ಹಟ ಹಿಡಿದರು. ಸ್ಕೂಲು ಬಿಟ್ಟ ಮೇಲೆ ಹಿತ್ತಲಲ್ಲಿ ಕೂತು ಒಂದು ತಿಂಗಳು ಗಿಳಿಹಸಿರು ಬಳಿದರು. ಇಂಥಾ ಮರಕ್ಕೆ ಬಣ್ಣ ಹೊಡೀತಾರೇನ್ರೀ ಎಂದು ಆಚಾರಿ ಹಣೆ ಚಚ್ಚಿಕೊಂಡನಂತೆ. ನನಗೆ ಗಿಳಿಹಸಿರು ಇಷ್ಟ, ಅಷ್ಟೇ ಕಾರಣ. ಬೀರು ಮಾಲೂರಿನಲ್ಲಿ ರೈಲು ಹತ್ತಿ, ಬೌರಿಂಗ್‌ಪೇಟೆಯಲ್ಲಿ ಇಳಿದು, ಪುಟ್ಟ ರೈಲಿನಲ್ಲಿ ನಮ್ಮೂರಿಗೆ ಬಂತು. ಆಮೇಲೆ ಅಪ್ಪ ಬರೆದ ಪ್ರತಿಯೊಂದು ಕಾರ್ಡಿನ ಕೊನೆಗೂ ಒಂದೇ ಪ್ರಶ್ನೆ: ಬೀರುವಿನ ಬಣ್ಣ ಹೇಗಿದೆ?

ಹೇಗಿರುತ್ತದೆ? ನನ್ನ ಅತ್ತೆ ಮುಳಬಾಗಿಲಿನ ಕಡೆಯವರು. ಬೆಳಗ್ಗೆ ತಣ್ಣೀರು ಸ್ನಾನ ಮಾಡಿ, ಒದ್ದೆ ಸೀರೆಯಲ್ಲೇ ಅಡುಗೆಮನೆಗೆ ಬಂದು, ಕಣ್ಣಿಗೆ ಬಿದ್ದದ್ದಕ್ಕೆಲ್ಲ ಚೊಂಬಿನಿಂದ ನೀರು ಸುರಿಯುವರು. ನೀರು ಬಿದ್ದರೆ ಮಡಿ, ಬೀಳದಿದ್ದರೆ ಮೈಲಿಗೆ. ನಡುವೆ ಏನೂ ಇಲ್ಲ. ಒಲೆ, ಒರಳು, ಮಣೆ ಎಲ್ಲ ತಡೆದುಕೊಂಡವು. ಅಪ್ಪನ ಬಣ್ಣ ಎರಡು ತಿಂಗಳಿಗೆ ಹೊಪ್ಪಳಿಕೆ ಎದ್ದಿತು. ಒಂದು ದಿನ ಅತ್ತೆಯ ಮಡಿಸೀರೆಗೆ ಹಸಿರು ಮೆತ್ತಿತು. ಕೋಪ ಬಂದರೆ ಅವರಿಗೆ ತೆಲುಗೇ ಬರುತ್ತಿತ್ತು. "ಏಮಿ ಕರ್ಮಮೇ ಇದಿ!" ಎಂದು ಶುರುಮಾಡಿ ಕನ್ನಡದಲ್ಲಿ ಮುಗಿಸಿದರು: "ಗೌರಿ ಹಬ್ಬದೊಳಗೆ ಇದು ನೀರು ತಡೀಲಿಲ್ಲಾಂದ್ರೆ ಕೊಟ್ಟಿಗೆಗೆ ಹಾಕಿಸ್ತೀನಿ ಕಣೇ. ಬೂಸ ಇಡೋಕಾದ್ರೂ ಆಗತ್ತೆ."

ಗೌರಿ ಹಬ್ಬಕ್ಕೆ ಬಾಗಿನ ತೆಗೆದುಕೊಂಡು ಅಪ್ಪ ಬರುವವರಿದ್ದರು. ಬಂದವರು ತಮ್ಮ ಬೀರುವನ್ನು ಎಮ್ಮೆಯ ಪಕ್ಕದಲ್ಲಿ ನೋಡುವುದೇ? ಅಂದೇ ಅಪ್ಪನಿಗೆ ಕಾರ್ಡು ಬರೆದೆ: ಬಣ್ಣ ಹೊಸದರ ಹಾಗೇ ಇದೆ. ಬರೆದದ್ದನ್ನು ಬಾಯಲ್ಲಿ ಹೇಳಿಕೊಳ್ಳುವ ಚಾಳಿ ನನಗೆ. ಅತ್ತೆಗೆ ಕೇಳಿಸಿತು.

"ಸುಳ್ಳು ಹೇಳಿದ ಬಾಯಿಗೆ ಎಲ್ಲಿಯ ಮಡಿ? ಹೋಗು, ತಲೆ ಮೇಲೆ ನೀರು ಹುಯ್ಕೊಂಡು ಬಾ," ಎಂದರು. ಹುಯ್ದುಕೊಂಡು ಬಂದೆ. ಹಲ್ಲು ಕಚ್ಚಿಕೊಂಡೇ ಬಂದೆ ಅನ್ನಿ.

ನನ್ನ ಗಂಡ ತಾಲ್ಲೂಕು ಕಚೇರಿಯಲ್ಲಿದ್ದರು. ತಾಯಿ ಹೆಂಡತಿಯ ನಡುವೆ ಬಾಯಿ ಬಿಡುವ ಆಸಾಮಿ ಅಲ್ಲ. ಹಾಗಾಗಿ ನನ್ನ ಬುದ್ಧಿಯನ್ನೇ ಖರ್ಚು ಮಾಡಿದೆ. ಎಣ್ಣೆ ಇದ್ದಲ್ಲಿ ನೀರು ನಿಲ್ಲುವುದಿಲ್ಲ ತಾನೆ? ದೀಪಕ್ಕೆಂದು ಮನೆಯಲ್ಲಿ ಹೊಂಗೆಣ್ಣೆ ಬೇಕಾದಷ್ಟಿತ್ತು. ಬೀರುವಿಗೆ ತಲೆಯಿಂದ ಕಾಲಿನವರೆಗೆ ತಿಕ್ಕಿದೆ. ಎಂಟು ದಿನವಾದರೂ ಅದು ಒಣಗಲಿಲ್ಲ. ಒಲೆಯ ಮಸಿ, ರಾಗಿ ಹಿಟ್ಟು, ನೊಣ ಎಲ್ಲ ಅಂಟಿ, ಗಿಳಿಹಸಿರು ಹೋಗಿ ಎಮ್ಮೆಯ ಬಣ್ಣ ಬಂತು. ಕೊಟ್ಟಿಗೆಗೆ ಅದೇ ತಯಾರಾದಂತಿತ್ತು.

ಕೊನೆಗೆ ಜಟಕಾ ಗಾಡಿಗಳಿಗೆ ಬಣ್ಣ ಹೊಡೆಯುವ ಮುದುಕ ಸಾಹೇಬರನ್ನು ಕರೆಸಿದೆವು. ಹಿತ್ತಲಿಗೆ ಬೀರು ತಂದಿಟ್ಟೆವು. ಅವರು ಒಂದು ಬೆರಳು ಇಟ್ಟು ನೋಡಿ ನಕ್ಕರು. "ಹೊಂಗೆಣ್ಣೆ ಈ ಜನ್ಮದಲ್ಲಿ ಒಣಗಲ್ಲ ತಾಯಿ. ಪೂರಾ ಕೆರೆದು ತೆಗೀಬೇಕು. ಹಸಿರು ನನ್ನ ಹತ್ರ ಇದೆ, ಗಾಡಿಗೆ ಹೊಡೆದು ಉಳಿದಿದ್ದು. ಅದರ ಮೇಲೆ ಏನು ಹಾಕ್ಲಿ ಹೇಳಿ."

ಅತ್ತೆ ಬಾಗಿಲ ಮರೆಯಿಂದ, "ಏನೇನಿದೆ?" ಎಂದರು.

"ಪಾಲಿಶ್ ಇದೆ. ಅರಗನ್ನ ಸ್ಪಿರಿಟ್‌ನಲ್ಲಿ ನೆನೆಸಿ ಹೊಡೆಯೋದು. ಕನ್ನಡಿ ಥರ ಬರುತ್ತೆ."

"ಸ್ಪಿರಿಟ್ ಅಂದ್ರೆ?"

ಸಾಹೇಬರು ಗಡ್ಡ ಕೆರೆದುಕೊಂಡರು. "ಸಾರಾಯಿ ಜಾತೀದೇ, ಅಮ್ಮಾ."

"ಶಿವ ಶಿವಾ! ನನ್ನ ಅಡುಗೆಮನೆಗೆ?"

"ನನ್ನ ಮನೆಗೂ ಬೇಡಮ್ಮ ಅದು," ಎಂದರು ಸಾಹೇಬರು. "ಬಿಸಿ ಪಾತ್ರೆ ಇಟ್ರೆ ಬಿಳಿ ಬಳೆ ಥರ ಕಲೆ ಬೀಳುತ್ತೆ, ನೀರಿಗೂ ಆಗಲ್ಲ." ಜೇನುಮೇಣ ಒಲೆಯ ಕಾವಿಗೆ ಕರಗಿ ಇಳಿಯುತ್ತದಂತೆ. ಡಬ್ಬದ ವಾರ್ನಿಷ್ ಮಿಲಿಟರಿಯ ಪಾಲಾಗಿತ್ತು, ಕೋಲಾರದಲ್ಲಿ ಹುಡುಕಿದರೂ ಇಲ್ಲ. ಅಗಸೆ ಎಣ್ಣೆಯೂ ಇಲ್ಲ. ಕೊನೆಗೆ ಸಾಹೇಬರು, ಹುಚ್ಚೆಳ್ಳೆಣ್ಣೆ ಕಾಯಿಸಿ ಅದರಲ್ಲಿ ರಾಳ ಕರಗಿಸಿ ಹೊಡೆದರೆ ಒಣಗುತ್ತದೆ, ತಮ್ಮ ತಂದೆ ಗಾಡಿಯ ಚಕ್ರಕ್ಕೆ ಹಾಗೆ ಹೊಡೆಯುತ್ತಿದ್ದರು ಎಂದರು.

ಒಳಗೆ ಅತ್ತೆ ಲೆಕ್ಕ ಹಾಕುವುದು ನನಗೆ ಕಾಣುತ್ತಿತ್ತು. ಹುಚ್ಚೆಳ್ಳು ನಾವು ಚಟ್ನಿಪುಡಿ ಮಾಡಿ ತಿನ್ನುವುದು. ರಾಳ ದೇವರಿಗೆ ಧೂಪ ಹಾಕುವುದು. ದೋಷ ಎಲ್ಲಿಂದ ಹುಡುಕುತ್ತಾರೆ? "ಆಗ್ಲಿ," ಎಂದರು.

ಮೊದಲು ಸಾಹೇಬರು ಕೆರೆದರು. ಅಪ್ಪ ಬಳಿದ ಹಸಿರು ಪುಡಿಪುಡಿಯಾಗಿ ಹಿತ್ತಲ ಮಣ್ಣಿಗೆ ಬಿತ್ತು. ಒಂದು ಚೂರೂ ಉಳಿಯಲಿಲ್ಲ. ನಾನು ನೋಡಲಾರದೆ ಒಳಗೆ ಬಂದೆ. ಅತ್ತೆ ಮಾತ್ರ ಬಾಗಿಲಲ್ಲಿ ನಿಂತು ಕೊನೆಯವರೆಗೂ ನೋಡಿದರು. ಆಮೇಲೆ ಗಾಡಿಯ ಹಸಿರು, ಅದರ ಮೇಲೆ ಎಣ್ಣೆ ರಾಳ ಮೂರು ಸಲ, ತೆಳ್ಳಗೆ, ಒಂದು ಒಣಗಿದ ಮೇಲೆ ಇನ್ನೊಂದು. ಶ್ರಾವಣದ ಮೋಡಕ್ಕೆ ಒಣಗುವುದೂ ತಡವಾಯಿತು. ಕೊನೆಯ ಕೈ ಮುಗಿಸಿ ಸಾಹೇಬರು ಹೇಳಿದರು: "ಹದಿನೈದು ದಿನ ನೀರು ಸೋಕಿಸಬೇಡಿ. ಗಟ್ಟಿಯಾದ್ರೆ ಆಮೇಲೆ ಕೆರೆಗೆ ಹಾಕಿದ್ರೂ ಏನಾಗಲ್ಲ."

ಹಬ್ಬಕ್ಕೆ ಒಂಬತ್ತೇ ದಿನ ಇತ್ತು.

ಬೀರು ಒಳಗೆ ಬಂದು ತನ್ನ ಜಾಗದಲ್ಲಿ ನಿಂತಿತು. ಅತ್ತೆ ಎಂಟು ದಿನ ಅದನ್ನು ಸುತ್ತಿಕೊಂಡು, ಸೀರೆ ಸೋಕದ ಹಾಗೆ ಓಡಾಡಿದರು. ಹಬ್ಬದ ಬೆಳಗ್ಗೆ ಮಾತ್ರ ತುಂಬಿದ ಚೊಂಬು ಹಿಡಿದು ಅದರ ಮುಂದೆ ನಿಂತೇ ಬಿಟ್ಟರು. ಹಬ್ಬದ ದಿನ ತೊಳೆಯದೆ ಬಿಡುವ ಹೆಂಗಸಲ್ಲ. ತೊಳೆದರೆ ಮುಗಿಯಿತು, ಅಪ್ಪನ ರೈಲು ಬರುವ ಹೊತ್ತಿಗೆ ಬಣ್ಣ ಸುಕ್ಕಾಗಿರುತ್ತದೆ. ನಾನು ಹೂರಣ ರುಬ್ಬುವುದು ನಿಲ್ಲಿಸಿದೆ. ಅತ್ತೆ ಬೆರಳ ತುದಿ ಅದ್ದಿ, ಬೀರುವಿನ ಕಡೆ ನಾಲ್ಕು ಹನಿ ಚಿಮುಕಿಸಿ, "ಇವತ್ತಿಗಿಷ್ಟು ಸಾಕು," ಎಂದು ಉಳಿದ ನೀರನ್ನು ಹೊಸಿಲಿಗೆ ಸುರಿದರು.

ಅಪ್ಪ ಬಂದರು. ರೈಲಿನಲ್ಲಿ ಬಂದ ಬಟ್ಟೆ, ಅಡುಗೆಮನೆಗೆ ಕಾಲಿಡುವಂತಿಲ್ಲ. ಕೈಕಾಲು ತೊಳೆದು ಬಾಗಿಲ ಹೊರಗೇ ನಿಂತು ಬಗ್ಗಿ ನೋಡಿದರು. ಜಾಲರಿಯ ಹಿಂದೆ ಹಾಲು, ಮೊಸರು, ಒಬ್ಬಟ್ಟಿನ ತಟ್ಟೆ. ಮುಖದ ಮೇಲೆ ಬೆಳಕು ಬಂತು, ಆದರೂ ಅನುಮಾನ. ನೇರವಾಗಿ ಅತ್ತೆಯನ್ನೇ ಕೇಳಿದರು: "ದಿನಾ ನೀರು ಹಾಕ್ತೀರಂತಲ್ಲಮ್ಮ. ನಾನೇ ಬಳಿದದ್ದು, ಅನುಭವ ಇಲ್ಲ. ಎದ್ದು ಬಂತೋ ಏನೋ ಅಂತ ಒಂದೇ ಯೋಚನೆ."

ಅತ್ತೆ ಒದ್ದೆ ಸೀರೆಯಲ್ಲಿ, ಒಲೆಯ ಮುಂದೆ, ಗೌರಿಯ ದೀಪ ಉರಿಯುತ್ತಿರುವಾಗ ಹೇಳಿದರು:

"ಎಲ್ಲಿ ಏಳುತ್ತೆ? ದಿನಾ ತೊಳೀತೀನಿ. ನೀವು ಬಳಿದಿದ್ದು ಬಳಿದ ಹಾಗೇ ಇದೆ."

ಅಪ್ಪ ಎದೆ ಉಬ್ಬಿಸಿದರು. "ಮೂರು ಸಲ ಹೊಡೆದಿದ್ದೆ ನಾನು!" ಎಂದು ಹೇಳುತ್ತಾ ಹಜಾರಕ್ಕೆ ಹೋದರು, ನನ್ನ ಗಂಡನಿಗೂ ಅದನ್ನೇ ಹೇಳುವುದು ಕೇಳಿಸಿತು. ನನಗೆ ಅಳು ಬಂತು. ಅಷ್ಟು ತಿಂಗಳು ಆ ಹೆಂಗಸಿನ ಮೇಲೆ ಕಚ್ಚಿಕೊಂಡಿದ್ದ ಹಲ್ಲು ಸಡಿಲವಾಯಿತು.

ಅತ್ತೆ ಸೌಟು ಕೆಳಗಿಟ್ಟು ಬಾವಿಯ ಕಡೆ ಹೊರಟರು. ಯಾರನ್ನೂ ಮುಟ್ಟಿರಲಿಲ್ಲ, ಅಡುಗೆ ಅರ್ಧಕ್ಕೇ ನಿಂತಿತ್ತು. ಯಾಕೆಂದು ನನಗೆ ಗೊತ್ತಿತ್ತು. ಹಿಂದೆಯೇ ಹೋಗಿ ನೀರು ಸೇದಿದೆ, ಅವರು ತಲೆಯ ಮೇಲೆ ಸುರಿದುಕೊಂಡರು.