ಅಮೆರಿಕಕ್ಕೆ ಹೋಗದ ಊದುಬತ್ತಿ

ಚಾಮರಾಜಪೇಟೆಯ ಒಂದು ಅಡ್ಡರಸ್ತೆಯಲ್ಲಿ ನಮ್ಮದೊಂದು ಊದುಬತ್ತಿ ಕಾರ್ಖಾನೆ ಇತ್ತು. ಕಾರ್ಖಾನೆ ಎಂದರೆ ಶೀಟು ಹೊದಿಸಿದ ಒಂದು ಬಾಡಿಗೆ ಷೆಡ್ಡು, ಹಿಂದೆ ಒಣಹಾಕಲು ಒಂದಿಷ್ಟು ಅಂಗಳ, ಅಷ್ಟೇ. ಮಾವನವರು ಶುರುಮಾಡಿದ್ದು. ಯಜಮಾನರು ತೀರಿಕೊಂಡ ಮೇಲೆ ನಾನೇ ನಡೆಸುತ್ತಿದ್ದೆ. ವಾಸನೆಯಿಲ್ಲದ ಕಡ್ಡಿಗಳನ್ನು ತರಿಸಿ, ಸುಗಂಧದ ಎಣ್ಣೆಯಲ್ಲಿ ಅದ್ದಿ, ಒಣಗಿಸಿ, ನಗರ್ತಪೇಟೆಯಲ್ಲಿ ಮಾಡಿಸಿದ ಡಬ್ಬಿಗಳಿಗೆ ತುಂಬಿ ಒಬ್ಬ ರಫ್ತುದಾರರಿಗೆ ಕೊಡುತ್ತಿದ್ದೆವು. ಅವರು ಅದನ್ನು ಅಮೆರಿಕಕ್ಕೆ ಕಳಿಸುತ್ತಿದ್ದರು. ಕೆಲಸದ ಹೆಂಗಸರಲ್ಲಿ ಎಲ್ಲರಿಗಿಂತ ಹಳಬರೊಬ್ಬರಿದ್ದರು. ನಾನು ಸೊಸೆಯಾಗಿ ಬಂದಾಗಲೇ ಅವರು ಆ ಷೆಡ್ಡಿನಲ್ಲಿ ಕೂತು ಡಬ್ಬಿ ತುಂಬುತ್ತಿದ್ದರು. ಅವರನ್ನು ಅಕ್ಕ ಎಂದೇ ಕರೆಯುತ್ತಿದ್ದೆ.

ಅಮೆರಿಕ ಸುಂಕ ಏರಿಸಿದೆ ಎಂದು ಟೀವಿಯಲ್ಲಿ ಹೇಳಿದಾಗ ಅದು ನಮ್ಮ ಅಂಗಳದ ತನಕ ಬರುತ್ತದೆ ಅಂತ ನನಗೆ ಹೊಳೆಯಲಿಲ್ಲ. ಆಮೇಲೆ ರಫ್ತುದಾರರು ಫೋನ್ ಮಾಡಿದರು.

"ಸದ್ಯಕ್ಕೆ ಅದ್ದೋದು ನಿಲ್ಸಿಬಿಡಿ ಅಮ್ಮಾ. ಆ ಬೆಲೆಗೆ ಅಲ್ಲಿ ಯಾರೂ ತಗೊಳಲ್ಲ ಅಂತಿದಾರೆ."

"ಒಣಹಾಕಿರೋದೇನು ಮಾಡ್ಲಿ?"

ಆಮೇಲೆ ಹೇಳ್ತೀನಿ ಎಂದು ಫೋನ್ ಇಟ್ಟುಬಿಟ್ಟರು. ಅವರ ಗೋಡೌನಿನಲ್ಲೂ ಅದೇ ಕಥೆ ಇದ್ದಿರಬೇಕು.

ಅಷ್ಟರಲ್ಲಿ ನಗರಪಾಲಿಕೆಯವರು ಸುಂಕದಿಂದ ಪೆಟ್ಟು ತಿಂದ ಸಣ್ಣ ಉದ್ಯಮದವರನ್ನೆಲ್ಲ ಒಂದು ಸಭೆಗೆ ಕರೆದರು. ನಾನೂ ಅಕ್ಕನೂ ಹೋದೆವು. ರೇಷ್ಮೆ ಸ್ಕಾರ್ಫ್ ಹೊಲಿಸುವವರು, ಮರದ ಗೊಂಬೆಗೆ ಬಣ್ಣ ಹಾಕಿಸುವವರು, ನಮ್ಮಂಥವರೇ ಅನೇಕರು ಬಂದಿದ್ದರು. ಮಾತಾಡಿದ ಅಧಿಕಾರಿ ಸುಳ್ಳು ಭರವಸೆ ಕೊಡುವ ಮನುಷ್ಯನಲ್ಲ.

"ಸುಂಕ ಇಳ್ಸೋದು ನಮ್ಮ ಕೈಲಿಲ್ಲ," ಎಂದರು. "ನಮ್ಮ ಕೈಲಿರೋದು ರಸ್ತೆ, ಬೀದಿದೀಪ, ಕಸ. ಅದರಲ್ಲೇ ಏನ್ ಮಾಡಬಹುದು ಅಂತ ನೋಡ್ತಿದೀವಿ."

ಮಾಡಿದ್ದೇನೆಂದರೆ, ಬಸವನಗುಡಿಯ ಒಂದು ರಸ್ತೆಯಲ್ಲಿ ಪ್ರತಿ ಭಾನುವಾರ ಗಾಡಿ ಓಡಾಟ ನಿಲ್ಲಿಸಿ, ನಮಗೆಲ್ಲ ಬಾಡಿಗೆಯಿಲ್ಲದೆ ಮಳಿಗೆ ಹಾಕಿಕೊಟ್ಟರು. ಷಾಮಿಯಾನ, ಕುರ್ಚಿ, ಕುಡಿಯುವ ನೀರು ಎಲ್ಲ ಇತ್ತು. ಮೊದಲ ಭಾನುವಾರ ಬೆಳಗ್ಗೆ ಟೇಬಲ್ಲಿನ ಮೇಲೆ ಡಬ್ಬಿ ಜೋಡಿಸುವಾಗ ನನಗೂ ಸ್ವಲ್ಪ ಆಸೆ ಹುಟ್ಟಿತ್ತು.

ತೇರಿಗೆ ಸೇರುವ ಹಾಗೆ ಜನ ಬಂದರು. ಆದರೆ ನಮ್ಮ ಕಡ್ಡಿಗಳಲ್ಲಿದ್ದದ್ದು ಅಮೆರಿಕದವರು ಕೇಳಿ ಮಾಡಿಸಿಕೊಂಡ ವಾಸನೆಗಳು. ಲ್ಯಾವೆಂಡರ್, ವೆನಿಲ್ಲಾ, ಅವರ ಕಡೆಯ ಯಾವುದೋ ಒಂದು ಸೊಪ್ಪು. ಬಸವಣ್ಣನ ದರ್ಶನ ಮುಗಿಸಿ ಹಣೆಯಲ್ಲಿ ಕುಂಕುಮ ಇಟ್ಟುಕೊಂಡು ಬಂದ ಒಬ್ಬರು ಹಿರಿಯ ಹೆಂಗಸು ಡಬ್ಬಿಯನ್ನು ಮೂಗಿನ ಹತ್ತಿರ ಹಿಡಿದು ನನ್ನ ಮುಖ ನೋಡಿದರು.

"ಇದು ದೇವರಿಗೆ ಹಚ್ಚೋದೇನಮ್ಮಾ?"

"ಹಚ್ಚಬಹುದು."

"ಕೇಕಿನ ವಾಸ್ನೆ ಬರತ್ತೆ. ಮಲ್ಲಿಗೆ ಇಲ್ವಾ? ಗಂಧ?"

ಗಂಧ, ಮಲ್ಲಿಗೆ ಮಾಡಿಕೊಂಡು ಮುಂದಿನ ವಾರ ಹೋದೆ. ಆದರೆ ಆ ವಾಸನೆಗಳಿಗೆ ಊರಲ್ಲಿ ಆಗಲೇ ಹೆಸರು ಮಾಡಿದ ಕಂಪನಿಗಳಿದ್ದವು, ನಮ್ಮದನ್ನು ಕೇಳುವವರಿರಲಿಲ್ಲ. ಅಧಿಕಾರಿ ಒಂದೆರಡು ದೇವಸ್ಥಾನದವರಲ್ಲೂ ನಮ್ಮ ಪರವಾಗಿ ಕೇಳಿ ನೋಡಿದರಂತೆ. ಅಲ್ಲಿ ಭಕ್ತರು ತಂದುಕೊಟ್ಟಿದ್ದೇ ಮಿಕ್ಕುತ್ತದಂತೆ. ಕೊನೆಗೆ ಅಧಿಕಾರಿಯೇ ಬಂದು ಒಂದಷ್ಟು ಡಬ್ಬಿ ಕೊಂಡರು. ಬೇಡ ಅನ್ನಲು ಬಾಯಿ ಬರಲಿಲ್ಲ, ಕೊಡಲು ಮನಸ್ಸೂ ಬರಲಿಲ್ಲ.

ಆಮೇಲೆ ಆ ರಸ್ತೆಯ ಮನೆಗಳವರು, ಭಾನುವಾರ ಕಾರು ತೆಗೆಯಲಾಗುತ್ತಿಲ್ಲ, ಗೇಟಿನ ಮುಂದೆ ಕಸ ಬೀಳುತ್ತಿದೆ ಎಂದು ದೂರು ಕೊಟ್ಟರು. ದೂರು ಸುಳ್ಳೇನಲ್ಲ. ಸಂತೆ ನಿಂತಿತು.

ಷೆಡ್ಡಿಗೆ ಬರುತ್ತಿದ್ದ ಹೆಂಗಸರು ಒಬ್ಬೊಬ್ಬರಾಗಿ ಬಿಟ್ಟರು. ಅಕ್ಕ ಮಾತ್ರ ದಿನಾ ಬಂದು, ಕೆಲಸವಿಲ್ಲದಿದ್ದರೂ ಅಂಗಳ ಗುಡಿಸಿ, ಖಾಲಿ ತಟ್ಟೆಗಳನ್ನು ಒರೆಸಿಟ್ಟು ಹೋಗುತ್ತಿದ್ದರು. ಅವರನ್ನು ನೋಡಲಾರದೆ ನಾನೇ ಪಾಲಿಕೆ ಕಚೇರಿಗೆ ಹೋಗಿ, ಇವರೊಬ್ಬರಿಗಾದರೂ ಎಲ್ಲಾದರೂ ಕೆಲಸ ಸಿಗುತ್ತದಾ ಎಂದು ಕೇಳಿದೆ. ಅಧಿಕಾರಿ ಒಂದೆರಡು ಕಡೆ ಫೋನ್ ಮಾಡಿ ವಿಚಾರಿಸಿದರು.

"ನಮ್ಮ ಪಾರ್ಕಲ್ಲಿ ಎಲೆ ಗುಡ್ಸೋಕೆ ಕಾಂಟ್ರ್ಯಾಕ್ಟ್‌ನಲ್ಲಿ ಜನ ತಗೋತಿದಾರೆ. ಹೇಳಿ ಕೊಡಿಸ್ತೀನಿ. ಬೇರೇನೂ ನನ್ನ ಹತ್ರ ಇಲ್ಲಮ್ಮಾ."

ಅಕ್ಕನಿಗೆ ಹೇಳುವಾಗ ನನಗೆ ಅಳು ಬಂತು. ಅವರು ಸೆರಗಿಗೆ ಕೈ ಒರೆಸಿಕೊಂಡರು.

"ಯಾವಾಗಿಂದ ಬರ್ಬೇಕಂತೆ?"

"ಸೋಮವಾರದಿಂದ."

"ಹೋಗ್ತೀನಿ. ನೀವ್ಯಾಕೆ ಅಳ್ತೀರ? ನಿಮಗೇನಾದ್ರೂ ಸಿಕ್ತಾ?"

ನನಗೆ ಸಿಕ್ಕಿರಲಿಲ್ಲ. ಷೆಡ್ಡು ಬಿಟ್ಟುಕೊಟ್ಟೆ. ಮಾಲೀಕರು ಅಲ್ಲಿ ಬೈಕುಗಳ ಪಾರ್ಕಿಂಗ್ ಮಾಡಿದ್ದಾರೆ. ಒಂದು ಸಾರಿ ಪಾರ್ಕಿನ ಕಡೆಗೆ ಹೋದಾಗ ಬೇಲಿಯಾಚೆ ಅಕ್ಕ ಬಗ್ಗಿ ಗುಡಿಸುತ್ತಿದ್ದರು. ಕೂಗಬೇಕೆನಿಸಿತು. ಮೇಸ್ತ್ರಿ ಪಕ್ಕದಲ್ಲೇ ನಿಂತಿದ್ದ, ನನ್ನಿಂದಾಗಿ ಅವರು ಬೈಸಿಕೊಳ್ಳುವುದು ಬೇಡವೆಂದು ಮುಂದೆ ನಡೆದೆ.

ಮೊನ್ನೆ ಅದೇ ಅಧಿಕಾರಿ ಫೋನ್ ಮಾಡಿ, ಸಣ್ಣ ಉದ್ಯಮದವರಿಗೆ ಆನ್‌ಲೈನ್ ಮಾರಾಟದ ತರಬೇತಿ ಇದೆ, ಊಟವೂ ಇರುತ್ತದೆ, ಬನ್ನಿ ಎಂದರು. ಕಾರ್ಖಾನೆ ಮುಚ್ಚಿದ್ದನ್ನು ಅವರಿಗೆ ಹೇಳಲಾಗಲಿಲ್ಲ.

"ನೋಡ್ತೀನಿ ಸರ್," ಎಂದೆ.